ನೀಲಮ್ಮ ಆರಿಸಿದ ಜಾಗ

ನಮ್ಮೂರಿಗೆ ಬಂದವರು ಬಸ್ಸಿನಿಂದ ಇಳಿದ ಕೂಡಲೇ ನೂರು ಕಿಟಕಿಯ ಅರಮನೆ ಎಲ್ಲಿ ಎಂದು ಕೇಳುತ್ತಾರೆ. ಆಮೇಲೆ ಜಾಗದ ಮಂದಾಕಿನಿ ಎಲ್ಲಿ ಎಂದು ಕೇಳುತ್ತಾರೆ. ಆ ಮಂದಾಕಿನಿ ನಾನೇ. ಅರಮನೆ ತೋರಿಸುವುದಕ್ಕೆ ಆಟೋದವರು ಸಾಕು. ಎಲ್ಲಿ ನಿಂತರೆ ಯಾವ ಕಾಲದ ಅರಮನೆ ಬರುತ್ತದೆ ಎಂದು ಹೇಳುವುದಕ್ಕೆ ಮಾತ್ರ ನಾನೇ ಬೇಕು. ಇದನ್ನು ಜಂಬ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಇಷ್ಟು ವರ್ಷ ಬಿಸಿಲಲ್ಲಿ ಸುತ್ತಿ ಸಂಪಾದಿಸಿದ ಜಂಬ ಅದು.

ನಮ್ಮೂರಿನಲ್ಲಿ ಫೋಟೋ ತೆಗೆದರೆ ಕ್ಯಾಮೆರಾದ ಮುಂದೆ ನಿಂತವರು ಈಗ ಹೇಗಿದ್ದಾರೋ ಹಾಗೆಯೇ ಬರುತ್ತಾರೆ. ಅವರ ಹಿಂದಿರುವುದೆಲ್ಲ ಹಳೆಯದಾಗಿ ಬರುತ್ತದೆ. ಎಷ್ಟು ಹಳೆಯದು ಎಂಬುದು ನಿಂತ ಜಾಗದ ಮೇಲೆ. ಕೆಲವು ಎಳೆ ಜಾಗಗಳು, ಎರಡು ಮೂರು ವರ್ಷ ಹಿಂದಿರುತ್ತವೆ, ಅಷ್ಟೆ. ಕೆಲವು ಬಲಿತ ಜಾಗಗಳು. ಅರಮನೆಯ ಹಿಂದಿನ ಹುಣಸೆಮರದ ಕೆಳಗೆ ನಿಂತರೆ, ಸಿಡಿಲು ಬಡಿದು ಬಿದ್ದುಹೋದ ಮೂಲೆಯ ಗೋಪುರ ಫೋಟೋದಲ್ಲಿ ಇನ್ನೂ ನೆಟ್ಟಗೆ ನಿಂತಿದೆ. ಅದರ ಜೊತೆ ನಿಂತು ನಗುವುದಕ್ಕೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ವಾರಕ್ಕೆ ವಾರ, ಹೊತ್ತಿಗೆ ಹೊತ್ತು ಹೊಂದಿಕೊಂಡೇ ಬರುತ್ತದೆ, ವರ್ಷ ಮಾತ್ರ ಹಿಂದಿನದು. ನಮಗೆ ಒಂದು ದಿನ ಕಳೆದರೆ ಫೋಟೋದೊಳಗೂ ಒಂದು ದಿನ ಕಳೆಯುತ್ತದೆ. ಹಾಗಾಗಿ ಆ ಗೋಪುರವೂ ಒಂದು ದಿನ ಫೋಟೋದಲ್ಲಿ ಬಿದ್ದೇ ಬೀಳುತ್ತದೆ. ಆಗ ಇನ್ನೂ ಬಲಿತ ಜಾಗ ಬೇಕಾಗುತ್ತದೆ. ಅದನ್ನು ನಾನು ಈಗಲೇ ಹುಡುಕಿಟ್ಟಿದ್ದೇನೆ, ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ.

ಇಂಥ ಊರಿನಲ್ಲಿ ಬಾಳುವುದಕ್ಕೆ ಜನ ತಮ್ಮದೇ ರೂಢಿ ಮಾಡಿಕೊಂಡಿದ್ದಾರೆ. ತರಕಾರಿ ತರಲು ಹೊರಟವರೂ ತಲೆ ಬಾಚಿಕೊಂಡೇ ಹೊರಡುತ್ತಾರೆ, ಮುಂದೆ ಯಾರ ಫೋಟೋದಲ್ಲಿ ಹೇಗೆ ಕಾಣುತ್ತೇವೋ ಎಂದು. ಜಗಳವನ್ನು ಬಾಗಿಲು ಹಾಕಿಕೊಂಡು ಆಡುತ್ತಾರೆ. ಗಂಡು ನೋಡಲು ಬಂದ ಬೀಗರು ಮೊದಲು ಹೆಂಡದಂಗಡಿಯ ಎದುರು ಒಂದು ಫೋಟೋ ತೆಗೆಸಿ, ಕಣ್ಣಿಗೆ ಕನ್ನಡಕ ಏರಿಸಿ ನೋಡಿ, ಆಮೇಲೆ ಹುಡುಗನ ಮನೆಗೆ ಹೋಗಿ ಉಪ್ಪಿಟ್ಟು ತಿನ್ನುತ್ತಾರೆ. ಅರಮನೆ ರಸ್ತೆಯಲ್ಲಿ ಪುರಸಭೆಯವರು ಯಾವತ್ತೋ ಗುಂಡಿ ತೋಡಿ, ಯಾವತ್ತೋ ಮುಚ್ಚಿಯೂ ಆಯಿತು. ಪ್ರವಾಸಿಗಳು ಈ ವರ್ಷ ಬಂದು, ನಮ್ಮ ಫೋಟೋ ಪೂರ್ತಿ ಗುಂಡಿ ಎಂದು ನನ್ನ ಹತ್ತಿರ ಕೂಗಾಡುತ್ತಾರೆ.

ಸತ್ತವರನ್ನು ನೋಡಲು ಬರುವ ಊರಿನವರೂ ಇದ್ದಾರೆ. ಅವರನ್ನು ಸಾಲಿನಲ್ಲಿ ಕಾಯಿಸುವುದಿಲ್ಲ, ಪ್ರವಾಸಿಗಳನ್ನು ಆಚೆ ನಿಲ್ಲಿಸಿ ಅವರ ಫೋಟೋ ಮೊದಲು ತೆಗೆಯುತ್ತೇನೆ. ಏಕಾಂತಪ್ಪ ಹಾಗೆ ಪ್ರತಿ ಶುಕ್ರವಾರ ಸಂಜೆ ಕಾರಂಜಿ ಸರ್ಕಲ್ಲಿಗೆ ಬರುತ್ತಿದ್ದರು. ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಊರಿನ ಅರ್ಧ ಮದುವೆಗಳ ಆಲ್ಬಮ್ಮಿನಲ್ಲಿ ಅವರ ಉಬ್ಬಿದ ಕೆನ್ನೆ ಇದೆ, ಹೆಂಡತಿಯ ಜೊತೆಗೆ ಮಾತ್ರ ಒಂದೇ ಒಂದು ಫೋಟೋ ಇಲ್ಲ. ಹೆಂಡತಿ ನೀಲಮ್ಮ ಕೇಳಿದಾಗಲೆಲ್ಲ, ದಿನಾ ಫೋಟೋದಲ್ಲೇ ಇರ್ತೀನಲ್ಲ, ಇನ್ನೊಂದ್ಯಾಕೆ ಎಂದು ತಳ್ಳಿಹಾಕುತ್ತಿದ್ದರಂತೆ. ನೀಲಮ್ಮ ತೀರಿಕೊಂಡ ಮೇಲೆ ಇವರಿಗೆ ಫೋಟೋದ ಹುಚ್ಚು ಹಿಡಿಯಿತು.

ಕಾರಂಜಿಯ ಎದುರಿನ ಜಾಗ ನಾಲ್ಕು ವರ್ಷ ಹಿಂದಿದೆ. ಏಕಾಂತಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ನಿಲ್ಲುತ್ತಾರೆ, ನಾನು ಗುಂಡಿ ಒತ್ತುತ್ತೇನೆ. ಅವರ ಹೆಗಲ ಹಿಂದೆ, ಹೂವಿನ ಬುಟ್ಟಿಗಳ ಮುಂದೆ, ನೀಲಮ್ಮ ಬಗ್ಗಿ ಕನಕಾಂಬರ ಆರಿಸುತ್ತಿರುತ್ತಾರೆ. ಹೂವಿನವಳ ಮೊಳ ನಂಬದೆ ತಮ್ಮ ಕೈಯಲ್ಲೇ ಇನ್ನೊಮ್ಮೆ ಅಳೆಯುತ್ತಾರೆ. ಏಕಾಂತಪ್ಪ ಒಮ್ಮೆ ತಡೆಯಲಾರದೆ ಹಿಂದೆ ತಿರುಗಿ ನೋಡಿಬಿಟ್ಟಿದ್ದರು. ಆ ಫೋಟೋದಲ್ಲಿ ಇವರ ಬೋಳು ನೆತ್ತಿ ಕಾಣುತ್ತದೆ, ಅದರಾಚೆ ನೀಲಮ್ಮ ಹೂವು ಮೂಸುತ್ತಿದ್ದಾರೆ. ಇವರ ಕಣ್ಣಿಗೆ ಮಾತ್ರ ಆಗ ಕಂಡದ್ದು ಖಾಲಿ ಕಟ್ಟೆ ಮತ್ತು ಒಂದು ಸ್ಕೂಟರು.

ಈ ಸಲ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಶುಕ್ರವಾರ, ಫೋಟೋ ನೋಡಿ ಜೇಬಿಗೆ ಇಟ್ಟುಕೊಂಡವರು ಅಲ್ಲೇ ನಿಂತರು.

"ತಂಗಿ, ಇನ್ನೊಂದು ವಾರ ಅಷ್ಟೆ," ಅಂದರು. "ಮುಂದಿನ ಶುಕ್ರವಾರಾನೇ ಅವಳು ಕೊನೇ ಸಲ ಹೂವಿಗೆ ಬಂದಿದ್ದು. ಆಮೇಲೆ ಹಾಸಿಗೆ ಹಿಡಿದೋಳು ಏಳಲಿಲ್ಲ."

"ಮುಂದಿನದು ಮುಂದೆ ನೋಡೋಣ, ಏಕಾಂತಣ್ಣ."

"ಮುಂದೆ ಏನಿದೆ ನೋಡೋಕೆ? ಕ್ಲಾರಿನೆಟ್ಟು ಕೊಟ್ಬಿಟ್ಟೆ. ಸಕ್ಕರೆ ಕಾಯಿಲೆ ಮಾತ್ರೆ ನುಂಗೋದೂ ಬಿಟ್ಟೆ. ಯಾರಿಗೋಸ್ಕರ ನುಂಗ್ಲಿ?"

ಅದನ್ನು ಅವರು ಅಳುತ್ತಾ ಹೇಳಲಿಲ್ಲ, ಅಂಗಡಿ ಬಾಗಿಲು ಹಾಕುವವರ ಹಾಗೆ ಹೇಳಿದರು. ಈ ಮನುಷ್ಯ ಮುಂದಿನ ಶುಕ್ರವಾರದ ತನಕ ಮಾತ್ರ ಬದುಕುವ ಲೆಕ್ಕ ಹಾಕಿಕೊಂಡಿದ್ದಾರೆ ಎಂದು ಗೊತ್ತಾಯಿತು. ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಸಿಟ್ಟು ಬಂತು.

"ಈ ಮಂದಾಕಿನಿ ಬದುಕಿರೋವಾಗ ಈ ಊರಲ್ಲಿ ಜಾಗ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?" ಅಂದೆ. "ಕಾರಂಜಿಗಿಂತ ಬಲಿತ ಜಾಗ ಎಷ್ಟು ಬೇಕು? ನೀಲಮ್ಮ ಓಡಾಡ್ತಿದ್ದ ಕಡೆ ಒಂದು ಸಿಕ್ಕರೆ ಸಾಕು, ಇನ್ನೂ ಎಷ್ಟೋ ವರ್ಷ ನೋಡಬಹುದು. ಹೇಳಿ, ಎಲ್ಲೆಲ್ಲಿಗೆ ಹೋಗ್ತಿದ್ರು?"

"ಎಲ್ಲಿಗೆ ಹೋಗ್ತಾಳೆ? ಮನೇಲಿ ಇರ್ತಿದ್ಲು. ಶುಕ್ರವಾರ ಇಲ್ಲಿಗೆ ಬರ್ತಿದ್ಲು."

"ಉಳಿದ ದಿನ?"

ಏಕಾಂತಪ್ಪ ಸೋಮವಾರ, ಮಂಗಳವಾರ ಎಂದು ಬೆರಳು ಮಡಿಚಿ ಎಣಿಸಿ, ಕೈ ಕೆಳಗಿಟ್ಟರು. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದು, ಹೆಂಡತಿ ಮನೆ ಬಿಟ್ಟು ಎಲ್ಲಿಗೆ ಹೋಗುತ್ತಿದ್ದಳು ಎಂದು ಈ ಮನುಷ್ಯ ಒಂದು ದಿನವೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆಯಿಂದಲೇ ಅವರನ್ನು ಎಳೆದುಕೊಂಡು ಹೊರಟೆ. ನನ್ನ ಕೆಲಸದ ಕ್ರಮ ಹೀಗೆ: ಮೊದಲು ಬರಿಯ ಜಾಗದ ಒಂದು ಫೋಟೋ ತೆಗೆದು, ಗೋಡೆಯ ಮೇಲಿನ ಸಿನಿಮಾ ಪೋಸ್ಟರು ನೋಡುತ್ತೇನೆ. ಪೋಸ್ಟರು ಇಲ್ಲದ ಕಡೆ ಚುನಾವಣೆಯ ಗೋಡೆಬರಹ, ಅದೂ ಇಲ್ಲದಿದ್ದರೆ ಮರಗಳ ಎತ್ತರ. ಇವು ಮೂರೂ ಸೇರಿ ಯಾವತ್ತೂ ನನಗೆ ಸುಳ್ಳು ಹೇಳಿಲ್ಲ. ಕೆರೆ ಮೆಟ್ಟಿಲಿನಲ್ಲಿ ನಿಲ್ಲಿಸಿದೆ. ಬಟ್ಟೆ ಒಗೆಯುವ ಹೆಂಗಸರು ಸಾಲಾಗಿ ಬಂದರು, ನೀಲಮ್ಮ ಇಲ್ಲ. ರೇಷನ್ ಅಂಗಡಿ ಮುಂದೆ ನಿಲ್ಲಿಸಿದೆ. ಈಗಿಲ್ಲದ ಹೆಡ್‌ಮಾಸ್ಟರು ಒಬ್ಬರು ಸಾಲಿನಲ್ಲಿ ನಿಂತು, ಯಾರು ನೋಡುತ್ತಾರೋ ಅವರಿಗಿರಲಿ ಎಂಬಂತೆ ಕೈ ಬೀಸುತ್ತಿದ್ದರು. ನೀಲಮ್ಮ ಅಲ್ಲೂ ಇಲ್ಲ.

ತರಕಾರಿ ಮಾರ್ಕೆಟ್ಟಿನ ಹಿಂದೆ ನಿಲ್ಲಿಸಿದಾಗ ಫೋಟೋದಲ್ಲಿ ಬೇವಿನ ಮರದ ಕೆಳಗೆ ಇಸ್ಪೀಟು ಆಡುವವರ ಗುಂಪು ಬಂತು. ಅದರ ಮಧ್ಯೆ, ಇನ್ನೂ ಕೂದಲಿದ್ದ ಏಕಾಂತಪ್ಪನೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಈಗಿನ ಏಕಾಂತಪ್ಪ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಶನಿವಾರ ಮಾರ್ಕೆಟ್ಟಿಗೆ ಜೊತೇಲಿ ಬನ್ನಿ, ಚೀಲ ಭಾರ ಆಗುತ್ತೆ ಅಂತಿದ್ಲು," ಅಂದರು. "ಪ್ರಾಕ್ಟೀಸು ಇದೆ ಅಂತಿದ್ದೆ."

ಚೀಲ ಹೊತ್ತ ನೀಲಮ್ಮನಿಗಾಗಿ ಆ ಫೋಟೋದ ಅಂಚಿನ ತನಕ ಹುಡುಕಿದೆ. ಸಿಗಲಿಲ್ಲ.

ಭಾನುವಾರವೂ ಹೋಯಿತು, ಸೋಮವಾರವೂ ಹೋಯಿತು. ಅರಮನೆ ಬಾಗಿಲಲ್ಲಿ ಪ್ರವಾಸಿಗಳು ನನ್ನನ್ನು ಕಾಯ್ದು ಕಾಯ್ದು, ಗುಂಡಿಯ ಮುಂದೆಯೇ ಫೋಟೋ ತೆಗೆಸಿಕೊಂಡು ಹೋದರು. ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ನನಗೆ ಒಂದು ಕ್ಷಣವೂ ಹೋಗಲಿಲ್ಲ. ಆದರೆ ಏಕಾಂತಪ್ಪನ ನಡಿಗೆ ನಿಧಾನವಾಗುತ್ತಿತ್ತು. ನೆರಳು ಕಂಡಲ್ಲಿ ಕೂತುಬಿಡುತ್ತಿದ್ದರು. ಮಾತ್ರೆ ಬಿಟ್ಟ ಮೈ ತನ್ನ ಲೆಕ್ಕ ತಾನು ಕೇಳುತ್ತಿತ್ತು.

ಮಂಗಳವಾರ ಮಧ್ಯಾಹ್ನ ಅಗಸೆ ಬಾಗಿಲಿಗೆ ಬಂದೆವು. ಕೋಟೆಯ ಹಳೆಯ ಬಾಗಿಲು ಅದು, ಆಚೆಗೆ ಹೊಳೆಯ ದಾರಿ. ಜಾಗ ಐದು ವರ್ಷ ಹಿಂದಿದೆ. ಹೆಚ್ಚೇನೂ ಬಲಿತದ್ದಲ್ಲ, ನಿರೀಕ್ಷೆ ಇಲ್ಲದೆಯೇ ಗುಂಡಿ ಒತ್ತಿದೆ. ಫೋಟೋದಲ್ಲಿ ಇಬ್ಬರು ಹೆಂಗಸರು ಬೆನ್ನು ಹಾಕಿ ಬಾಗಿಲು ದಾಟುತ್ತಿದ್ದರು. ಒಬ್ಬರು ಕುಂಕುಮ ಬಣ್ಣದ, ದೊಡ್ಡ ಅಂಚಿನ ಸೀರೆ ಉಟ್ಟಿದ್ದರು. ಎಡಗಾಲು ತುಸು ಎಳೆದು ಇಟ್ಟ ಹೆಜ್ಜೆ.

ಏಕಾಂತಪ್ಪ ಆ ಸೀರೆಯ ಮೇಲೆ ಬೆರಳಿಟ್ಟರು. "ನೀಲಾ ಕಣವ್ವ. ಅದು ಮದುವೆ ಸೀರೆ. ಹಬ್ಬಕ್ಕೂ ತೆಗೀತಿರಲಿಲ್ಲ ಅದನ್ನ." ಆಮೇಲೆ ಫೋಟೋವನ್ನೇ ಗದರಿಸುವವರ ಹಾಗೆ ಕೇಳಿದರು. "ಮಂಗಳವಾರ ಮಧ್ಯಾಹ್ನ, ಈ ಬಿಸಿಲಲ್ಲಿ, ಮದುವೆ ಸೀರೆ ಉಟ್ಕೊಂಡು ಎಲ್ಲಿಗೆ ಹೋಗ್ತಿದಾಳೆ ಇವಳು?"

ಕೊನೆಗೂ ಕೇಳಿದರಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಜೊತೆಯಲ್ಲಿದ್ದ ಹೆಂಗಸು ಯಾರೆಂದು ಹೇಳಲು ನನಗೆ ಮುಖ ಬೇಕಾಗಿರಲಿಲ್ಲ. ತಲೆಯ ಮೇಲಿನ ಕಪ್ಪು ಬಟ್ಟೆಯ ಮೇಲೆ ಹಿಟ್ಟಿನ ಬಿಳಿ ಕೂತಿತ್ತು. ಹಿಟ್ಟಿನ ಗಿರಣಿಯ ಜೈತುನ್‌ಬಿ. ಮಂಗಳವಾರ ಅವರ ಗಿರಣಿಗೆ ರಜ.

ಮಾರನೆಯ ದಿನ ಗಿರಣಿಗೆ ಹೋದಾಗ ಜೈತುನ್‌ಬಿ ಜೋಳ ಹಾಕುತ್ತಿದ್ದರು. ನಾನು ಫೋಟೋ ಎತ್ತಿ ತೋರಿಸಿದೆ. ಅವರು ಅದನ್ನು ನೋಡಿದರು, ನನ್ನ ಹಿಂದೆ ನಿಂತಿದ್ದ ಏಕಾಂತಪ್ಪನನ್ನು ನೋಡಿದರು, ಕೈ ಚಾಚಿ ಯಂತ್ರ ನಿಲ್ಲಿಸಿದರು. ಹಿಟ್ಟಿಗೆ ಕಾದಿದ್ದ ಹೆಂಗಸರು ಗೊಣಗಿದರೂ ಲಕ್ಷ್ಯ ಕೊಡಲಿಲ್ಲ.

"ಎಷ್ಟು ವರ್ಷ ಆಯ್ತು ಅಣ್ಣಾ, ನೀವು ಯಾವಾಗ ಬಂದು ಕೇಳ್ತೀರ ಅಂತ ಕಾಯ್ತಾನೇ ಇದೀನಿ," ಅಂದರು. "ಅಲ್ಲಾ, ಗಿರಣಿ ಮುಂದೆ ದಿನಾ ಓಡಾಡ್ತೀರ. ಒಂದು ದಿನ ತಲೆ ಒಳಗೆ ಹಾಕಿ, ನಮ್ಮನೆಯವಳು ನಿಮ್ಮ ಹತ್ರ ಏನು ಮಾತಾಡ್ತಿದ್ಲು ಅಂತ ಕೇಳಬಾರದಾ?"

ಏಕಾಂತಪ್ಪ ಜೋಳದ ಮೂಟೆಯ ಮೇಲೆ ಕೂತರು. "ಎಲ್ಲಿಗೆ ಹೋಗಿದ್ಲು, ಜೈತುನ್‌ಬಿ?"

"ದೋಣಿಕಟ್ಟೆಗೆ."

ಈಗ ಆಶ್ಚರ್ಯಪಡುವ ಸರದಿ ನನ್ನದು. ದೋಣಿಕಟ್ಟೆ ಹೊಳೆದಂಡೆಯಲ್ಲಿದೆ. ಅಲ್ಲಿ ಮೀನಿನ ಬಲೆ ಒಣಹಾಕುತ್ತಾರೆ. ಬುಡ ಒಡೆದ ದೋಣಿ ಒಂದು ಮಗುಚಿ ಬಿದ್ದಿದೆ, ವಾಸನೆಗೆ ಮೂಗು ಬಿಡುವ ಹಾಗಿಲ್ಲ. ಒಮ್ಮೆ ಹೋಗಿ ಅಳೆದು ಬಂದಿದ್ದೆ. ಹನ್ನೆರಡು ವರ್ಷ ಹಿಂದಿರುವ, ಚೆನ್ನಾಗಿ ಬಲಿತ ಜಾಗ. ಆದರೆ ಫೋಟೋಕ್ಕೆ ನಾಲಾಯಕ್ಕು ಎಂದು ಅವತ್ತೇ ಬಿಟ್ಟಿದ್ದೆ. ಒಬ್ಬ ಪ್ರವಾಸಿಯನ್ನೂ ಅಲ್ಲಿಗೆ ಕರೆದುಕೊಂಡು ಹೋಗಿಲ್ಲ.

"ಡಾಕ್ಟ್ರು ಹೇಳಿದ್ದು ಮೊದಲು ನೀಲಮ್ಮಂಗೆ," ಎಂದು ಜೈತುನ್‌ಬಿ ಮುಂದುವರಿಸಿದರು. "ನಿಮಗೆ ಗೊತ್ತಾಗಿದ್ದು ಎಷ್ಟೋ ತಿಂಗಳಾದ ಮೇಲೆ. ಕೇಳಿದ ವಾರಾನೇ ನನ್ನ ಹತ್ರ ಬಂದ್ಲು. ನಾನು ಹೋದ ಮೇಲೆ ಇವರು ಕಾರಂಜಿ ಹತ್ರ ನಿಂತು ಶುಕ್ರವಾರ ಎಣಿಸ್ತಾರೆ, ಅದು ಮುಗಿಯೋ ತನಕ ಹೆಂಗೋ ಇರ್ತಾರೆ, ಮುಗಿದ ಮೇಲೆ ಇರಲ್ಲ ಅಂದ್ಲು. ಅದಕ್ಕೇ ಕಾರಂಜಿಗಿಂತ ತುಂಬಾ ಬಲಿತ ಒಂದು ಜಾಗ ಬೇಕು ಅಂದ್ಲು. ಇಬ್ಬರೂ ಊರೆಲ್ಲಾ ಸುತ್ತಿದ್ವಿ. ದೋಣಿಕಟ್ಟೆ ನೋಡಿ ಇದೇ ಸರಿ ಅಂದ್ಲು. ಇಲ್ಲಿ ಯಾರೂ ಅಡ್ಡ ನಿಲ್ಲಲ್ಲ ಅಂದ್ಲು. ಅವತ್ತಿಂದ ಪ್ರತಿ ಮಂಗಳವಾರ, ನಡೆಯೋ ಶಕ್ತಿ ಇರೋ ತನಕ, ಆ ಸೀರೆ ಉಟ್ಕೊಂಡು ಹೋಗಿ ನಿಂತಿದಾಳೆ. ಕ್ಯಾಮೆರಾ ಎಲ್ಲಿರುತ್ತೋ ಆ ಕಡೇನೇ ನೋಡ್ಕೊಂಡು."

ಗೊಣಗುತ್ತಿದ್ದ ಹೆಂಗಸರು ಡಬ್ಬಿ ಕೆಳಗಿಟ್ಟು ಹತ್ತಿರ ಬಂದರು.

"ನಂಗ್ಯಾಕೆ ಹೇಳಲಿಲ್ಲ?" ಏಕಾಂತಪ್ಪ ಕೇಳಿದರು.

"ಹೇಳಿದ್ರೆ ಇವತ್ತಿಂದಾನೇ ಹೋಗಿ ಅಲ್ಲೇ ಕೂತ್ಬಿಡ್ತಾರೆ ಅಂದ್ಲು. ಕೇಳ್ಕೊಂಡು ಬಂದಾಗ ಹೇಳು ಅಂದ್ಲು. ಬರದಿದ್ರೆ ಅಂದೆ. ಬರ್ತಾರೆ ಅಂದ್ಲು, ಅಷ್ಟೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಏಕಾಂತಪ್ಪನ ತುಟಿಯೂ ಆಡುತ್ತಿತ್ತು. ನೀಲಮ್ಮ ಅಲ್ಲಿ ನಿಂತು ಐದು ವರ್ಷ, ಜಾಗ ಹನ್ನೆರಡು ವರ್ಷ ಹಿಂದೆ.

"ಫೋಟೋದಲ್ಲಿ ಅವಳು ಬರೋಕೆ ಇನ್ನೂ ಏಳು ವರ್ಷ," ಅಂದರು ಏಕಾಂತಪ್ಪ. ಮತ್ತೆ ಅಂದರು, "ಏಳು ವರ್ಷ ಬದುಕು ಅಂತಾಳಲ್ಲ ಇವಳು." ಹೆಗಲ ಮೇಲಿನ ವಸ್ತ್ರ ಮುಖಕ್ಕೆ ಒತ್ತಿಕೊಂಡು, ಮೂಟೆಯ ಮೇಲೆ ಕೂತೇ ಗಟ್ಟಿಯಾಗಿ ಅತ್ತುಬಿಟ್ಟರು. ಹಿಟ್ಟಿಗೆ ಬಂದ ಹೆಂಗಸೊಬ್ಬರು ಅವರಿಗೆ ನೀರು ಕೊಟ್ಟರು. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಜೊತೆಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಜಗತ್ತಿನ ಜನರಿಗೆಲ್ಲ ಜಾಗ ತೋರಿಸುವ ನಾನು ಮೂಗು ಮುಚ್ಚಿಕೊಂಡು ಬಿಟ್ಟುಬಂದ ಜಾಗವನ್ನು, ಒಬ್ಬ ಹೆಂಗಸು ಗಂಡನಿಗಾಗಿ ಆರಿಸಿ, ತೊಳೆದಿಟ್ಟ ತಟ್ಟೆಯಂತೆ ತೆಗೆದಿಟ್ಟು ಹೋಗಿದ್ದಳು.

ಶುಕ್ರವಾರ ಕಾರಂಜಿಗೆ ಹೋದೆವು. ಕೊನೆಯ ಸಲ ನೀಲಮ್ಮ ಹೂವು ಅಳೆದರು. ಅವತ್ತು ತುಂಬ ಸಣ್ಣಗಾಗಿದ್ದರು, ಬುಟ್ಟಿಯ ಅಂಚು ಹಿಡಿದುಕೊಂಡು ನಿಂತಿದ್ದರು. ಏಕಾಂತಪ್ಪ ಫೋಟೋ ನೋಡಿ, "ಹೋಗಿ ಬಾ" ಅಂದರು. ಆಮೇಲೆ, ಈಗ ಸರ್ಕಲ್ಲಿನ ಆಚೆ ಬದಿಯಲ್ಲಿ ಕೂರುವ ಹೂವಿನವಳ ಹತ್ತಿರ ಹೋಗಿ ಒಂದು ಮೊಳ ಕನಕಾಂಬರ ತಗೊಂಡು, ತಮ್ಮ ಕೈಯಲ್ಲೇ ಇನ್ನೊಮ್ಮೆ ಅಳೆದರು.

ಮುಂದಿನ ಮಂಗಳವಾರ ಮೂವರೂ ದೋಣಿಕಟ್ಟೆಗೆ ಹೋದೆವು. ಬಲೆ ಒಣಗುತ್ತಿತ್ತು, ವಾಸನೆ ಇದ್ದ ಹಾಗೇ ಇತ್ತು. ಹೊಳೆಯ ಕಡೆಗೆ ಇಳಿಯುವಲ್ಲಿ ಒಂದು ಹಾಸುಗಲ್ಲಿದೆ. ಫೋಟೋ ತೆಗೆಸಿಕೊಳ್ಳುವವರು ನಿಲ್ಲಬೇಕಾದದ್ದು ಅದರ ಮೇಲೆ, ಅದರ ಹಿಂದಿನದೆಲ್ಲ ಹಳೆಯದು. ಜೈತುನ್‌ಬಿ ಕಲ್ಲಿಗೆ ತಾಗಿದ ಹಾಗೆ ಹಿಂದೆ ಹೋಗಿ ನಿಂತು ತೋರಿಸಿದರು.

"ಇಲ್ಲೇ ನಿಲ್ತಿದ್ಲು. ನಟ್ಟ ನಡುವೆ ನಿಂತ್ಕೋ ಅಂದ್ರೆ ಕೇಳ್ತಿರಲಿಲ್ಲ. ಹೀಗೆ ಬಲಕ್ಕೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ನಿಲ್ತಿದ್ಲು."

ಏಕಾಂತಪ್ಪ ಆ ಖಾಲಿ ನೆಲವನ್ನು ಬಹಳ ಹೊತ್ತು ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖದಲ್ಲಿ ಮೊದಲ ಸಲ ಒಂದು ತುಂಟತನ ಬಂತು.

"ಆಗ ನಂಗೆ ಎಪ್ಪತ್ತು ದಾಟಿರುತ್ತೆ, ತಂಗಿ. ಅವಳು ಇದ್ದ ಹಾಗೇ ಇರ್ತಾಳೆ. ಮುದುಕ ಎರಡನೇ ಮದುವೆ ಮಾಡ್ಕೊಂಡ ಅಂತಾರೆ ಜನ."

"ಅನ್ನಲಿ ಬಿಡಿ. ಬೆಳಿಗ್ಗೆ ಮಾತ್ರೆ ನುಂಗಿದ್ರಾ?"

ಅವರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು, ಖಾಲಿಯಾದ ಗುಳ್ಳೆಗಳನ್ನು ಶಾಲೆಯ ಮಕ್ಕಳು ಸ್ಲೇಟು ತೋರಿಸುವ ಹಾಗೆ ನನಗೆ ತೋರಿಸಿದರು. ಕೊಟ್ಟ ಕ್ಲಾರಿನೆಟ್ಟನ್ನೂ ವಾಪಸ್ಸು ಇಸಿದುಕೊಂಡಿದ್ದಾರಂತೆ. ಉಸಿರು ಗಟ್ಟಿಯಾಗಿರಬೇಕಲ್ಲ, ಅಂದರು.

"ಈಗಲೇ ಒಂದು ತೆಗಿ," ಅಂದರು ಆಮೇಲೆ. "ಹೆಂಗೆ ನಿಂತ್ರೆ ಚೆನ್ನಾಗಿರುತ್ತೆ ಅಂತ ನೋಡ್ಕೊಳ್ಳೋಣ. ಆಮೇಲೆ ಅವಳ ಮುಂದೆ ನಗೆಪಾಟಲು ಆಗೋದು ಬೇಡ."

ಹಾಸುಗಲ್ಲು ಹತ್ತಿದರು. ಅಂಗಿ ಎಳೆದು ಸರಿಮಾಡಿಕೊಂಡರು, ಉಳಿದಿದ್ದ ನಾಲ್ಕು ಕೂದಲು ಬಾಚಿಕೊಂಡರು, ಎದೆ ಉಬ್ಬಿಸಿ ಕಲ್ಲಿನ ನಟ್ಟ ನಡುವೆ ನಿಂತರು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಎಷ್ಟೋ ಸಾವಿರ ಜನರನ್ನು ನಿಲ್ಲಿಸಿದವಳು ನಾನು, ತಪ್ಪು ಒಂದೇ ನೋಟಕ್ಕೆ ಕಾಣುತ್ತದೆ.

"ಒಂದು ಹೆಜ್ಜೆ ಎಡಕ್ಕೆ ಸರೀರಿ, ಏಕಾಂತಣ್ಣ," ಅಂದೆ. "ನೀಲಮ್ಮಂಗೆ ಅಡ್ಡ ನಿಂತಿದೀರ."

ಅವರು ತಕ್ಷಣ ಸರಿದರು.